ಬಾರದವರ ಪಟ್ಟಿ: ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಚುನಾಯಿತ ಪ್ರತಿನಿಧಿಗಳ ತರಬೇತಿಯಲ್ಲಿ ನಿವೃತ್ತ ಮಹಿಳಾ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ತಮ್ಮ ಊರಿನಲ್ಲಿ ಕಳೆದ ಬಾರಿ ಮಹಿಳೆಯರ ಆರೋಗ್ಯ ತಪಾಸಣಾ ಶಿಬಿರ ನಡೆದಾಗ ಎಷ್ಟು ಮಂದಿ ಬಂದಿದ್ದರು ಎಂದು ಕೇಳಿದರೆ ತಾವು ಉತ್ತರ ಹೇಳಬಲ್ಲಿರಿ. ವಹಿಯಲ್ಲಿ ಆ ಅಂಕಿ ಇರುತ್ತದೆ, ಛಾಯಾಚಿತ್ರವೂ ಇರುತ್ತದೆ. ಆದರೆ ಅಂದು ಎಷ್ಟು ಮಂದಿ ಬರಲಿಲ್ಲ, ಅವರು ಯಾವ ಯಾವ ಮನೆಯವರು, ಏಕೆ ಬರಲಿಲ್ಲ ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಬಂದವರನ್ನು ಎಣಿಸುವುದು ಆರೋಗ್ಯ ಇಲಾಖೆಗೆ ಸಾಧ್ಯ. ಬಾರದವರನ್ನು ಗುರುತಿಸುವುದು ಪ್ರತಿ ಮನೆಯನ್ನೂ ಬಲ್ಲ ತಮ್ಮಿಂದ ಮಾತ್ರ ಸಾಧ್ಯ. ಇಂದಿನ ನನ್ನ ಮಾತಿನ ಸಾರ ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ತಮ್ಮ ಮುಂದೆ ಒಪ್ಪಿಸುತ್ತೇನೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದ ಕಾಲದಲ್ಲಿ ನಮ್ಮ ವ್ಯಾಪ್ತಿಯ ಹಳ್ಳಿಯೊಂದರ ಶಾಲೆಯಲ್ಲಿ ಶಿಬಿರ ನಡೆಸಿದ್ದೆವು. ಒಂದು ಮನೆಯಿಂದ ಸೊಸೆ ಬಂದು ಪರೀಕ್ಷೆ ಮಾಡಿಸಿಕೊಂಡರು, ದೋಷವೇನೂ ಕಂಡುಬರಲಿಲ್ಲ. ಆ ಮನೆಯ ವೃದ್ಧೆಯ ರಕ್ತದೊತ್ತಡ ನೋಡಲು ನಾನು ಮೂರು ಬಾರಿ ಅಲ್ಲಿಗೆ ಹೋಗಿದ್ದೆ. ಮೂರು ಬಾರಿಯೂ ನನಗೆ ಕುಡಿಯಲು ನೀರು ತಂದುಕೊಟ್ಟವರು ವೃದ್ಧೆಯ ಮಗಳು. ವಯಸ್ಸು ನಲವತ್ತು ದಾಟಿತ್ತು. ಹುಟ್ಟಿನಿಂದ ಬೌದ್ಧಿಕ ನ್ಯೂನತೆ ಇದ್ದ ಆಕೆ ನಾಲ್ಕಾರು ಮಾತುಗಳನ್ನಷ್ಟೇ ಆಡುತ್ತಿದ್ದರು. ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುವುದು ಅವರ ನಿತ್ಯದ ಕೆಲಸ. ಆಕೆಯನ್ನು ಶಿಬಿರಕ್ಕೆ ಕಳುಹಿಸಿ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ನನಗೆ ತೋಚಲೂ ಇಲ್ಲ.

ಎರಡು ವರ್ಷಗಳ ನಂತರ ಆ ಸೊಸೆಯೇ ನಾದಿನಿಯನ್ನು ಕರೆದುಕೊಂಡು ಕೇಂದ್ರಕ್ಕೆ ಬಂದರು. ಕೆಲವು ತಿಂಗಳುಗಳಿಂದ ಆಕೆ ಸ್ನಾನಕ್ಕೆ ಒಪ್ಪುತ್ತಿರಲಿಲ್ಲ, ಬಟ್ಟೆಗಳನ್ನು ಮುಚ್ಚಿಡುತ್ತಿದ್ದರು, ರಾತ್ರಿ ಕಿಬ್ಬೊಟ್ಟೆ ಹಿಡಿದುಕೊಂಡು ಕುಳಿತಿರುತ್ತಿದ್ದರು. ಮನೆಯವರು ಅದನ್ನು ಹಠವೆಂದು ತಿಳಿದು ಗದರಿಸಿದ್ದರು. ಮುಚ್ಚಿಟ್ಟ ಬಟ್ಟೆಗಳಲ್ಲಿ ರಕ್ತದ ಕಲೆಗಳಿದ್ದವು. ಪರೀಕ್ಷಿಸಿದಾಗ ಗರ್ಭಕಂಠದ ಕ್ಯಾನ್ಸರ್ ಆಚೀಚೆಯ ಅಂಗಗಳಿಗೂ ಹರಡಿತ್ತು. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ವಿಕಿರಣ ಚಿಕಿತ್ಸೆಯಾಯಿತು. ಆದರೂ ಒಂದೂವರೆ ವರ್ಷ ತುಂಬುವುದರೊಳಗೆ ಆಕೆ ತೀರಿಕೊಂಡರು. ಹದಿನೆಂಟನೆಯ ವಯಸ್ಸಿನಲ್ಲಿ ಆಕೆಗೆ ಮದುವೆಯಾಗಿ, ಎರಡು ವರ್ಷಗಳಲ್ಲಿ ಗಂಡನ ಮನೆಯವರು ತವರಿಗೆ ಬಿಟ್ಟುಹೋಗಿದ್ದರು ಎಂಬ ಸಂಗತಿ ನನಗೆ ತಿಳಿದದ್ದೇ ಆಗ. ಶಿಬಿರದ ವಹಿಯಲ್ಲಿ ಆ ಮನೆಯ ಹೆಸರಿನ ಮುಂದೆ ‘ತಪಾಸಣೆ ಪೂರ್ಣ’ ಎಂದು ಬರೆದವಳು ನಾನು. ಆ ಮನೆಯಲ್ಲಿ ತಪಾಸಣೆಯ ವಯಸ್ಸಿನ ಇಬ್ಬರು ಮಹಿಳೆಯರಿದ್ದರು. ನನ್ನ ಲೆಕ್ಕದಲ್ಲಿ ಒಬ್ಬರೇ ಇದ್ದರು.

ರೋಗದ ಸ್ವರೂಪ

ಗರ್ಭಕೋಶದ ಕೆಳಭಾಗದ ಕಿರಿದಾದ ಕೊರಳನ್ನು ಗರ್ಭಕಂಠ ಎನ್ನುತ್ತೇವೆ. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ನಂತರ ಅತಿ ಹೆಚ್ಚಾಗಿ ಕಂಡುಬರುವುದು ಇದರ ಕ್ಯಾನ್ಸರ್. 2022ನೇ ಸಾಲಿನ ಅಂತರರಾಷ್ಟ್ರೀಯ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದು ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಗಿ, ಸುಮಾರು 80 ಸಾವಿರ ಮಂದಿ ಸಾವಿಗೀಡಾದರು. ಮಕ್ಕಳನ್ನು ಬೆಳೆಸುವ, ಹೊಲದಲ್ಲಿ ದುಡಿಯುವ, ಸಂಘದ ಸಾಲ ತೀರಿಸುವ ವಯಸ್ಸಿನವರು ಇವರಲ್ಲಿ ಬಹಳಷ್ಟು ಮಂದಿ.

ಬಹುತೇಕ ಎಲ್ಲ ಪ್ರಕರಣಗಳಿಗೂ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ. ಇದರಲ್ಲಿ ಅನೇಕ ಬಗೆಗಳಿವೆ. 16 ಮತ್ತು 18 ಎಂಬ ಎರಡು ಬಗೆಗಳೇ ನೂರರಲ್ಲಿ ಸುಮಾರು 70 ಪ್ರಕರಣಗಳಿಗೆ ಕಾರಣ. ಈ ವೈರಸ್ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಇದು ಅತ್ಯಂತ ಸಾಮಾನ್ಯವಾದ ಸೋಂಕು. ಜೀವಿತಾವಧಿಯಲ್ಲಿ ಬಹುತೇಕ ಸ್ತ್ರೀಪುರುಷರಿಗೆ ಒಮ್ಮೆಯಾದರೂ ತಗಲುತ್ತದೆ. ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಆದುದರಿಂದ ಇದು ಯಾರ ನಡತೆಯನ್ನೂ ಅಳೆಯುವ ಕೋಲಲ್ಲ. ಒಬ್ಬ ಗಂಡನನ್ನಲ್ಲದೆ ಬೇರೊಬ್ಬರನ್ನು ಅರಿಯದ ಮಹಿಳೆಗೂ ಇದು ಬರಬಹುದು. ಈ ಮಾತನ್ನು ಸದಸ್ಯರು ಊರಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ನಾಚಿಕೆಯಿಂದ ಪರೀಕ್ಷೆಗೆ ಬಾರದವರಲ್ಲಿ ಅರ್ಧದಷ್ಟು ಮಂದಿಯ ಭಯ ಈ ಒಂದು ಮಾತಿನಿಂದಲೇ ನೀಗಬಹುದು.

ಕೆಲವರಲ್ಲಿ ಮಾತ್ರ ಸೋಂಕು ವರ್ಷಗಟ್ಟಲೆ ಉಳಿದು, ಗರ್ಭಕಂಠದ ಜೀವಕೋಶಗಳನ್ನು ಬದಲಿಸುತ್ತದೆ. ಆ ಬದಲಾವಣೆ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಬೇಕು. ಎಚ್.ಐ.ವಿ. ಸೋಂಕಿತರಂತೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಅವಧಿ ಇನ್ನೂ ಕಡಿಮೆ. ಅವರಿಗೆ ಅಪಾಯವೂ ಸುಮಾರು ಆರು ಪಟ್ಟು ಹೆಚ್ಚು. ಇಷ್ಟು ದೀರ್ಘಕಾಲ ಅವಕಾಶ ಕೊಡುವ ಕ್ಯಾನ್ಸರ್ ಬೇರೆ ಬಹಳ ಇಲ್ಲ. ಆ ಅವಧಿಯಲ್ಲಿ ಒಂದೆರಡು ಬಾರಿ ಪರೀಕ್ಷಿಸಿ, ಬದಲಾದ ಭಾಗಕ್ಕೆ ಚಿಕಿತ್ಸೆ ನೀಡಿದರೆ ಕ್ಯಾನ್ಸರ್ ಬರುವುದನ್ನೇ ತಡೆಯಬಹುದು. ಆದರೆ ಆ ಹಂತದಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ, ಬೇರೆ ಯಾವ ಲಕ್ಷಣವೂ ಇಲ್ಲ. ‘ನನಗೇನೂ ತೊಂದರೆಯಿಲ್ಲವಲ್ಲ’ ಎನ್ನುವ ಮಹಿಳೆಯೇ ತಪಾಸಣೆಗೆ ತಕ್ಕ ವ್ಯಕ್ತಿ.

ಮುಟ್ಟಿನ ನಡುವೆ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಾಣಿಸುವುದು, ದುರ್ವಾಸನೆಯ ಬಿಳಿಸೆರಗು, ಬಿಡದ ಸೊಂಟನೋವು ಮತ್ತು ಕಿಬ್ಬೊಟ್ಟೆಯ ನೋವು ಎಚ್ಚರಿಕೆಯ ಚಿಹ್ನೆಗಳು. ಇವು ಕಂಡವರು ಶಿಬಿರಕ್ಕಾಗಿ ಕಾಯಬಾರದು. ಕೂಡಲೇ ವೈದ್ಯರನ್ನು ಕಾಣಬೇಕು.

ತಪಾಸಣೆ ಹೇಗೆ ನಡೆಯುತ್ತದೆ

2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ಈ ತಪಾಸಣೆಯಾಗಬೇಕು. ಇದಕ್ಕೆ ಬಳಸುವ ಸರಳ ವಿಧಾನ ವಿ.ಐ.ಎ. ಪರೀಕ್ಷೆ. ಮಹಿಳೆಯನ್ನು ಪರದೆಯ ಹಿಂದೆ ಮಲಗಿಸಿ, ಸ್ಪೆಕ್ಯುಲಂ ಎಂಬ ಉಪಕರಣದ ನೆರವಿನಿಂದ ಗರ್ಭಕಂಠವನ್ನು ನೋಡುತ್ತಾರೆ. ಅಡುಗೆಯ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಹತ್ತಿಯಿಂದ ಸವರಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಉಪವಾಸ ಬೇಕಿಲ್ಲ, ಅರಿವಳಿಕೆ ಬೇಕಿಲ್ಲ, ಫಲಿತಾಂಶಕ್ಕಾಗಿ ಕಾಯಬೇಕಿಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರ ಮಾಡುವುದಿಲ್ಲ. ಮುಟ್ಟು ನಿಂತ ಮಹಿಳೆಯರಲ್ಲಿ ಈ ವಿಧಾನದಿಂದ ಸ್ಪಷ್ಟವಾಗಿ ಕಾಣದಿರುವುದುಂಟು. ಅವರಿಗೆ ವೈದ್ಯರು ಪ್ಯಾಪ್ ಪರೀಕ್ಷೆಯನ್ನೋ ಎಚ್.ಪಿ.ವಿ. ಪರೀಕ್ಷೆಯನ್ನೋ ಸೂಚಿಸುತ್ತಾರೆ.

ಬಿಳಿ ಕಲೆ ಕಂಡಿತೆಂದರೆ ಕ್ಯಾನ್ಸರ್ ಎಂದರ್ಥವಲ್ಲ. ಇನ್ನೊಂದು ಪರೀಕ್ಷೆ ಬೇಕೆಂದರ್ಥ. ಮುಂದಿನ ಪರೀಕ್ಷೆಯಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಖಚಿತವಾದರೆ, ಶೀತದಿಂದ ಅಥವಾ ಶಾಖದಿಂದ ಆ ಭಾಗವನ್ನಷ್ಟೇ ನಾಶಪಡಿಸುವ ಚಿಕಿತ್ಸೆಯುಂಟು. ಬಹುಪಾಲು ಮಹಿಳೆಯರು ಅಂದೇ ಮನೆಗೆ ಮರಳಬಹುದು.

ಇಷ್ಟು ಸರಳವಾದುದರಿಂದ ಪ್ರಾಣ ಉಳಿಯುತ್ತದೆಯೇ ಎಂಬ ಸಂಶಯ ಸಹಜ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಹನ್ನೆರಡು ವರ್ಷಗಳ ಕಾಲ ಅಧ್ಯಯನ ನಡೆಸಿದರು. ವಿ.ಐ.ಎ. ಪರೀಕ್ಷೆ ಮಾಡಿದವರು ತಜ್ಞ ವೈದ್ಯರಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಗಳಿಗೊಮ್ಮೆ ತಪಾಸಣೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾದ ಸಾವುಗಳು ಶೇ. 31ರಷ್ಟು ಕಡಿಮೆಯಾದವು. ನಮ್ಮ ಗಡಿಗೆ ತಾಗಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ್ ಜಿಲ್ಲೆಯ ಹಳ್ಳಿಗಳಲ್ಲಿ 1.31 ಲಕ್ಷ ಮಹಿಳೆಯರನ್ನು ಒಳಗೊಂಡ ಇನ್ನೊಂದು ಅಧ್ಯಯನ ನಡೆಯಿತು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಒಂದೇ ಒಂದು ಬಾರಿ ಎಚ್.ಪಿ.ವಿ. ಪರೀಕ್ಷೆ ನಡೆಸಿದ ಹಳ್ಳಿಗಳಲ್ಲಿ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಬೀದರ್, ಕಲಬುರಗಿಯ ಹಳ್ಳಿಗಳಂಥವೇ ಆ ಹಳ್ಳಿಗಳು. ಜೋಳ ತೊಗರಿ ಬೆಳೆಯುವ ಒಣಭೂಮಿಯ ಹೆಣ್ಣುಮಕ್ಕಳೇ ಅವರು. ಅಲ್ಲಿ ಆದದ್ದು ನಮ್ಮಲ್ಲಿ ಆಗದಿರಲು ಕಾರಣವಿಲ್ಲ.

ಆದರೂ ಆಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ, ನೂರರಲ್ಲಿ ಇಬ್ಬರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಆರಂಭಿಸಿದ ಅಭಿಯಾನದ ಗುರಿ, 2030ರ ವೇಳೆಗೆ ನೂರರಲ್ಲಿ 70 ಮಹಿಳೆಯರಿಗೆ 35ರೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ಉತ್ತಮ ಗುಣಮಟ್ಟದ ತಪಾಸಣೆಯಾಗಬೇಕೆಂಬುದು. ಎರಡರಿಂದ ಎಪ್ಪತ್ತಕ್ಕೆ ಏರುವ ದಾರಿ ನಮ್ಮ ಹಳ್ಳಿಗಳ ಮೂಲಕವೇ ಹಾದುಹೋಗಬೇಕು.

ಎಲ್ಲರಿಗಿಂತ ಹಿಂದೆ ಉಳಿದವರು

ಬಾರದವರಲ್ಲಿ ಹಲವು ಬಗೆಯವರಿದ್ದಾರೆ. ದಿನಗೂಲಿ ತಪ್ಪುತ್ತದೆಂದು ಬಾರದವರು, ಗುಳೆ ಹೋದವರು, ಪುರುಷ ವೈದ್ಯರಿರಬಹುದೆಂದು ಅಂಜಿದವರು, ಅತ್ತೆಯ ಅನುಮತಿ ದೊರೆಯದವರು. ಇವರೆಲ್ಲರೂ ಇಂದಲ್ಲ ನಾಳೆ ತಾವಾಗಿಯೇ ಬರಬಹುದು. ಯಾರಾದರೂ ಕರೆತಾರದಿದ್ದರೆ ಎಂದಿಗೂ ಬಾರದವರು ಬೆಳವಣಿಗೆಯ ನ್ಯೂನತೆ ಇರುವ ಮಹಿಳೆಯರು: ಬೌದ್ಧಿಕ ನ್ಯೂನತೆ, ಡೌನ್ ಸಿಂಡ್ರೋಮ್, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದ ಸ್ಥಿತಿಗಳೊಂದಿಗೆ ಬಾಳುತ್ತಿರುವವರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆರೋಗ್ಯ ಸೇವೆ ಸುಸಜ್ಜಿತವಾಗಿರುವ ಇಂಗ್ಲೆಂಡಿನಲ್ಲಿಯೂ ಬೌದ್ಧಿಕ ನ್ಯೂನತೆಯುಳ್ಳ ಮಹಿಳೆಯರಲ್ಲಿ ಈ ತಪಾಸಣೆಯ ಪ್ರಮಾಣ ಇತರರಿಗಿಂತ ಬಹಳ ಕಡಿಮೆಯಿದೆ. ಇತರರಲ್ಲಿಯೇ ನೂರಕ್ಕೆ ಎರಡು ತಲುಪದ ನಮ್ಮಲ್ಲಿ ಇವರ ಸ್ಥಿತಿ ಏನಿರಬಹುದೆಂಬುದನ್ನು ತಾವೇ ಊಹಿಸಬಹುದು.

ಇದಕ್ಕೆ ಕಾರಣ ಕೆಲವು ತಪ್ಪು ತಿಳಿವಳಿಕೆಗಳು.

ಮೊದಲನೆಯದು, ‘ಆಕೆಗೆ ಮದುವೆಯಾಗಿಲ್ಲ, ಆದ್ದರಿಂದ ಪರೀಕ್ಷೆ ಬೇಡ’ ಎಂಬುದು. ಎಂದೂ ಲೈಂಗಿಕ ಸಂಪರ್ಕವಿಲ್ಲದವರಿಗೆ ಈ ರೋಗದ ಸಂಭವ ಬಹಳ ಕಡಿಮೆ ಎಂಬುದು ನಿಜ. ಆದರೆ ಆಕೆಯ ಪರವಾಗಿ ನಾವೇ ಹಾಗೆಂದು ತೀರ್ಮಾನಿಸುವುದು ಸರಿಯಲ್ಲ. ನ್ಯೂನತೆಯುಳ್ಳ ಅನೇಕರಿಗೆ ಮದುವೆಯಾಗಿರುತ್ತದೆ. ಇನ್ನು ಹೇಳಲಾರದವರ ಮೇಲೆಯೇ ದೌರ್ಜನ್ಯ ಸುಲಭವಾಗಿ ನಡೆಯುತ್ತದೆ, ಅದು ಮನೆಯವರಿಗೂ ತಿಳಿಯದೆ ಉಳಿಯುತ್ತದೆ ಎಂಬ ಕಹಿ ಸತ್ಯವನ್ನು ನಾವು ಮರೆಯಬಾರದು. ಪರೀಕ್ಷೆ ಬೇಕೇ ಬೇಡವೇ ಎಂಬುದು ಆಕೆಯೊಂದಿಗೆ, ಆಕೆಯನ್ನು ಬಲ್ಲವರೊಂದಿಗೆ ಏಕಾಂತದಲ್ಲಿ ಮಾತನಾಡಿ ವೈದ್ಯರು ನಿರ್ಧರಿಸಬೇಕಾದ ಸಂಗತಿ. ದೌರ್ಜನ್ಯದ ಸುಳಿವು ಸಿಕ್ಕಿದರೆ ಅದನ್ನು ಮುಚ್ಚಿಡದೆ ಕಾನೂನಿನ ನೆರವು ಕೊಡಿಸಬೇಕು.

ಎರಡನೆಯದು, ‘ಆಕೆಗೆ ಅರ್ಥವಾಗುವುದಿಲ್ಲ’ ಎಂಬುದು. ನಿಧಾನವಾಗಿ, ಚಿಕ್ಕ ಮಾತುಗಳಲ್ಲಿ, ಚಿತ್ರ ತೋರಿಸಿ ಹೇಳಿದರೆ ಬಹಳ ಮಂದಿಗೆ ಅರ್ಥವಾಗುತ್ತದೆ. ನಮಗೆ ತಾಳ್ಮೆ ಇಲ್ಲದಿರುವುದನ್ನು ಆಕೆಗೆ ಬುದ್ಧಿ ಇಲ್ಲವೆಂದು ಕರೆಯಬಾರದು.

ಮೂರನೆಯದು, ‘ತೊಂದರೆ ಇದ್ದರೆ ಹೇಳುತ್ತಿದ್ದಳು’ ಎಂಬುದು. ಮಾತು ಬಾರದವರು ನೋವನ್ನು ನಡತೆಯಿಂದ ಹೇಳುತ್ತಾರೆ. ಸ್ನಾನಕ್ಕೆ ಒಲ್ಲೆನೆನ್ನುವುದು, ಬಟ್ಟೆ ಮುಚ್ಚಿಡುವುದು, ಹೊಟ್ಟೆಗೆ ಹೊಡೆದುಕೊಳ್ಳುವುದು, ಊಟ ಬಿಡುವುದು, ಇದ್ದಕ್ಕಿದ್ದಂತೆ ಸಿಟ್ಟಿಗೇಳುವುದು ಇವೆಲ್ಲ ಆಕೆಯ ಭಾಷೆ. ಆ ಮನೆಯಲ್ಲಿ ನಡೆದದ್ದು ಇದೇ. ಆಕೆ ತಿಂಗಳುಗಟ್ಟಲೆ ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ.

ಆಕೆಗಾಗಿ ಏನು ಬದಲಾಗಬೇಕು

ಶಿಬಿರದ ಜನಜಂಗುಳಿಯಲ್ಲಿ, ಎರಡು ನಿಮಿಷದ ಸರದಿಯಲ್ಲಿ ಇಂತಹ ಮಹಿಳೆಯ ಪರೀಕ್ಷೆ ಸಾಧ್ಯವಿಲ್ಲ. ಬೇಕಾಗಿರುವುದು ದುಬಾರಿ ಯಂತ್ರವಲ್ಲ, ಸಮಯ. ಪರೀಕ್ಷೆಯ ದಿನಕ್ಕೆ ಮೊದಲೇ ಒಂದು ಬಾರಿ ಆಕೆಯನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದು ಕೊಠಡಿ, ಮಂಚ, ದೀಪಗಳನ್ನು ತೋರಿಸಬೇಕು. ಪರೀಕ್ಷಿಸುವ ಸಮುದಾಯ ಆರೋಗ್ಯ ಅಧಿಕಾರಿಯ ಪರಿಚಯ ಮಾಡಿಸಬೇಕು. ಉಪಕರಣವನ್ನು ಆಕೆ ಕೈಯಲ್ಲಿ ಹಿಡಿದು ನೋಡಲಿ. ಪರೀಕ್ಷೆಗೆ ದಿನದ ಮೊದಲ ಅಥವಾ ಕೊನೆಯ ಸರದಿ ನೀಡಬೇಕು. ಆಕೆ ನಂಬುವ ಒಬ್ಬರು, ತಾಯಿಯೋ ಅಕ್ಕನೋ ಅತ್ತಿಗೆಯೋ, ಪಕ್ಕದಲ್ಲಿರಬೇಕು. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕಾಲು ಅಗಲಿಸಿ ಮಲಗುವುದು ಆಗದಿರಬಹುದು. ಒಂದು ಮಗ್ಗುಲಿಗೆ ಮಲಗಿಸಿಯೂ ಪರೀಕ್ಷಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಆಕೆಯ ಒಪ್ಪಿಗೆ. ಮನೆಯವರು ಸಹಿ ಹಾಕಿದರೆಂದು ಆಕೆಯನ್ನು ಹಿಡಿದು ಮಲಗಿಸಿ ಪರೀಕ್ಷಿಸುವುದು ತಪಾಸಣೆಯಲ್ಲ, ಹಿಂಸೆ. ಆಕೆ ಬೇಡವೆಂದರೆ, ತಲೆಯಾಡಿಸಿದರೆ, ಮೈ ಬಿಗಿಹಿಡಿದರೆ ಅಲ್ಲಿಗೇ ನಿಲ್ಲಿಸಬೇಕು; ಇನ್ನೊಂದು ದಿನ ಪ್ರಯತ್ನಿಸಬೇಕು. ಅಷ್ಟಾದರೂ ಆಗದಿದ್ದರೆ ಎಚ್.ಪಿ.ವಿ. ಪರೀಕ್ಷೆಯ ಮಾರ್ಗವಿದೆ. ಅದರಲ್ಲಿ ಮಹಿಳೆಯೇ ಚಿಕ್ಕ ಬ್ರಷ್ ಅಥವಾ ಹತ್ತಿಯ ಕಡ್ಡಿಯಿಂದ ತನ್ನ ಮಾದರಿಯನ್ನು ತಾನೇ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಒಪ್ಪಿದೆ. ಈ ಸೌಲಭ್ಯ ಎಲ್ಲಿ ದೊರೆಯುತ್ತದೆ ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ‘ಪ್ರತಿ ತಿಂಗಳೂ ಈ ಕಷ್ಟ ಏಕೆ, ಗರ್ಭಕೋಶವನ್ನೇ ತೆಗೆಸಿಬಿಡೋಣ, ಕ್ಯಾನ್ಸರಿನ ಭಯವೂ ಇರುವುದಿಲ್ಲ’ ಎಂದು ಕೆಲವು ಕುಟುಂಬಗಳು ಕೇಳುತ್ತವೆ. ಅವರ ಬವಣೆ ನನಗೆ ಅರ್ಥವಾಗುತ್ತದೆ. ಆದರೆ ರೋಗವಿಲ್ಲದ ಅಂಗವನ್ನು ಅನುಕೂಲಕ್ಕಾಗಿ ತೆಗೆಸುವುದು ತಪಾಸಣೆಗೆ ಬದಲಿಯಲ್ಲ. 1994ರಲ್ಲಿ ಮಹಾರಾಷ್ಟ್ರದ ಸರ್ಕಾರಿ ವಸತಿಗೃಹವೊಂದರ ಬೌದ್ಧಿಕ ನ್ಯೂನತೆಯುಳ್ಳ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಹೀಗೆ ಗರ್ಭಕೋಶ ತೆಗೆದಾಗ ದೇಶದಾದ್ಯಂತ ಪ್ರತಿಭಟನೆ ನಡೆಯಿತು. ಅಂತಹ ಕುಟುಂಬಕ್ಕೆ ಬೇಕಾದುದು ಶಸ್ತ್ರಚಿಕಿತ್ಸೆಯಲ್ಲ. ಶೌಚಾಲಯ, ನೀರು, ಮುಟ್ಟಿನ ಬಟ್ಟೆ, ಆರೈಕೆಗೆ ಇನ್ನೊಂದು ಜೊತೆ ಕೈ. ಇವು ಪಂಚಾಯಿತಿ ಒದಗಿಸಬಲ್ಲ ನೆರವುಗಳು.

ಕಾನೂನು ಏನು ಹೇಳುತ್ತದೆ

ಇದು ಕರುಣೆಯ ಮಾತಲ್ಲ, ಹಕ್ಕಿನ ಮಾತು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 25ನೇ ಪ್ರಕರಣವು ವಿಶೇಷವಾಗಿ ಗ್ರಾಮೀಣ ಪ್ರದೇಶಗಳಲ್ಲಿ ಸಮೀಪದಲ್ಲೇ ಆರೋಗ್ಯ ಸೇವೆ, ಅಡೆತಡೆಯಿಲ್ಲದ ಪ್ರವೇಶ ಹಾಗೂ ಚಿಕಿತ್ಸೆಯಲ್ಲಿ ಆದ್ಯತೆಯನ್ನು ವಿಧಿಸುತ್ತದೆ. ವಿಕಲಚೇತನ ಮಹಿಳೆಯರ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯವನ್ನು ಅದೇ ಪ್ರಕರಣ ಸ್ಪಷ್ಟವಾಗಿ ಹೆಸರಿಸಿದೆ. ಈ ಕರ್ತವ್ಯವನ್ನು ಸರ್ಕಾರದ ಜೊತೆಗೆ ಸ್ಥಳೀಯ ಪ್ರಾಧಿಕಾರಗಳ ಮೇಲೂ ಅದು ಹೊರಿಸಿದೆ. ಸ್ಥಳೀಯ ಪ್ರಾಧಿಕಾರವೆಂದರೆ ತಾವೇ. ಇನ್ನು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಂಡೀಗಢದ ಪ್ರಕರಣವೊಂದರಲ್ಲಿ, ಸೌಮ್ಯ ಬೌದ್ಧಿಕ ನ್ಯೂನತೆಯಿದ್ದ ಮಹಿಳೆಯ ಗರ್ಭದ ವಿಷಯದಲ್ಲಿಯೂ ಆಕೆಯ ಒಪ್ಪಿಗೆಯಿಲ್ಲದೆ ಮುಂದುವರಿಯುವಂತಿಲ್ಲವೆಂದು ತೀರ್ಪು ನೀಡಿತು. ತನ್ನ ದೇಹದ ಕುರಿತು ನಿರ್ಧರಿಸುವುದು ಸಂವಿಧಾನದ 21ನೇ ವಿಧಿಯಡಿ ಬರುವ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಅದು ಹೇಳಿತು.

ಪಂಚಾಯಿತಿ ಮಾಡಬೇಕಾದುದು

‘ಇದು ಆರೋಗ್ಯ ಇಲಾಖೆಯ ಕೆಲಸ, ನಾವು ರಸ್ತೆ, ನೀರು, ಬೀದಿದೀಪ ನೋಡಿಕೊಳ್ಳುವವರು’ ಎಂದು ಸದಸ್ಯರೊಬ್ಬರು ಈ ಹಿಂದಿನ ಸಭೆಯೊಂದರಲ್ಲಿ ಹೇಳಿದ್ದರು. ಸೂಜಿ ಹಿಡಿಯಿರಿ, ಪರೀಕ್ಷೆ ಮಾಡಿ ಎಂದು ಯಾರೂ ತಮ್ಮನ್ನು ಕೇಳುತ್ತಿಲ್ಲ. ದಾರಿ ಮಾಡಿಕೊಡಿ ಎಂದು ಕೇಳುತ್ತಿದ್ದೇವೆ. ಅದರ ಕ್ರಮ ಹೀಗಿರಬಹುದು.

1. ಪಟ್ಟಿ ಸಿದ್ಧಪಡಿಸುವುದು. 30 ವರ್ಷ ತುಂಬಿದ ಪ್ರತಿಯೊಬ್ಬರ ಆರೋಗ್ಯ ಮಾಹಿತಿಯ ನಮೂನೆಯನ್ನು ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುತ್ತಾರೆ. ವಿಕಲಚೇತನರ ವಿವರ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಇರುತ್ತದೆ. ಈ ಎರಡು ಪಟ್ಟಿಗಳು ಬೇರೆ ಬೇರೆ ಕಪಾಟಿನಲ್ಲಿವೆ; ಇವರಿಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಹೋಲಿಸಿ ನೋಡುವುದು ಅಪರೂಪ. ಒಂದು ಮಧ್ಯಾಹ್ನ ಸಮುದಾಯ ಆರೋಗ್ಯ ಅಧಿಕಾರಿಯೊಡನೆ ಇವರನ್ನು ಕುಳ್ಳಿರಿಸಿದರೆ ಬಾರದವರ ಪಟ್ಟಿ ತಾನಾಗಿಯೇ ಮೂಡುತ್ತದೆ. ಗುರುತಿನ ಚೀಟಿಯಿಲ್ಲದ, ಯಾವ ಪಟ್ಟಿಯಲ್ಲೂ ಇಲ್ಲದ ಮಹಿಳೆಯನ್ನು ಆ ವಾರ್ಡಿನ ಸದಸ್ಯರು ನೆನಪಿಸಿಕೊಡಬೇಕು.

2. ಗೌಪ್ಯತೆ ಕಾಪಾಡುವುದು. ಹೆಸರುಗಳು ಆರೋಗ್ಯ ಸಿಬ್ಬಂದಿಯ ಬಳಿಯೇ ಇರಲಿ. ಗ್ರಾಮ ಸಭೆಯಲ್ಲಿ ಅಥವಾ ವಾಟ್ಸಾಪ್ ಗುಂಪಿನಲ್ಲಿ ಯಾರ ಹೆಸರನ್ನೂ, ಯಾರ ಫಲಿತಾಂಶವನ್ನೂ ಓದಬಾರದು. ಸಭೆಗೆ ಬೇಕಾದುದು ಅಂಕಿ ಮಾತ್ರ: ಅರ್ಹರು ಎಷ್ಟು, ತಪಾಸಣೆಯಾದವರು ಎಷ್ಟು, ಉಳಿದವರು ಎಷ್ಟು, ಉಳಿದವರಲ್ಲಿ ವಿಕಲಚೇತನರು ಎಷ್ಟು.

3. ಸ್ಥಳ ಸಜ್ಜುಗೊಳಿಸುವುದು. ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಇಳಿಜಾರು ದಾರಿ, ಬಾಗಿಲಿಗೆ ಚಿಲಕ, ಕಿಟಕಿಗೆ ಪರದೆ, ಬಳಸಬಲ್ಲ ಶೌಚಾಲಯ, ಹರಿಯುವ ನೀರು, ಒಳ್ಳೆಯ ಬೆಳಕು ಇವೆಯೇ ಎಂದು ಸದಸ್ಯರು ಸ್ವತಃ ಹೋಗಿ ನೋಡಬೇಕು. ಚಿಲಕವಿಲ್ಲದ ಕೊಠಡಿಯಲ್ಲಿ ಯಾವ ಮಹಿಳೆಯೂ ಪರೀಕ್ಷೆಗೆ ಒಪ್ಪುವುದಿಲ್ಲ.

4. ವಾಹನ ಮತ್ತು ವೆಚ್ಚ. ವಿಕಲಚೇತನರ ಕಲ್ಯಾಣಕ್ಕಾಗಿ ಪಂಚಾಯಿತಿ ಮೀಸಲಿಡಬೇಕಾದ ಶೇ. 5ರ ಅನುದಾನ ಅನೇಕ ಕಡೆ ವರ್ಷಾಂತ್ಯದಲ್ಲಿ ಅವಸರದಿಂದ ಖರ್ಚಾಗುತ್ತದೆ. ಆಕೆಯನ್ನೂ ಜೊತೆಗಾರರನ್ನೂ ಆರೋಗ್ಯ ಕೇಂದ್ರಕ್ಕೆ ಮತ್ತು ಅಗತ್ಯವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವ ವಾಹನದ ವೆಚ್ಚವನ್ನು ನಿಯಮಾನುಸಾರ ಅದರಲ್ಲಿ ಭರಿಸಲು ಅವಕಾಶವಿದೆಯೇ ಎಂಬುದನ್ನು ಅಭಿವೃದ್ಧಿ ಅಧಿಕಾರಿಗಳೊಂದಿಗೆ ಚರ್ಚಿಸಿ ಕ್ರಿಯಾಯೋಜನೆಯಲ್ಲಿ ಸೇರಿಸಬೇಕು.

5. ಮುಂದಿನ ಹಂತವನ್ನು ಬಿಡದಿರುವುದು. ಪರೀಕ್ಷೆಯಲ್ಲಿ ಕಲೆ ಕಂಡ ಮೇಲೆ ಮುಂದಿನ ಆಸ್ಪತ್ರೆಗೆ ಹೋಗದೆ ಉಳಿದರೆ ತಪಾಸಣೆ ವ್ಯರ್ಥ. ಚೀಟಿ ಬರೆದುಕೊಟ್ಟ ದಿನದಿಂದ ಚಿಕಿತ್ಸೆ ಮುಗಿಯುವ ದಿನದವರೆಗೆ ಯಾರು ಜೊತೆಗಿರುತ್ತಾರೆ ಎಂಬುದು ನಿಶ್ಚಿತವಾಗಿರಬೇಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವಿದೆ. ಕಾರ್ಡು ಮೊದಲೇ ಸಿದ್ಧವಿದೆಯೇ ನೋಡಬೇಕು.

6. ಹೆಣ್ಣುಮಕ್ಕಳ ಲಸಿಕೆ. 9ರಿಂದ 14 ವರ್ಷದ ವಯಸ್ಸು ಎಚ್.ಪಿ.ವಿ. ಲಸಿಕೆಗೆ ಅತ್ಯಂತ ಸೂಕ್ತ. ನಮ್ಮ ದೇಶದಲ್ಲಿಯೇ ತಯಾರಾದ ಲಸಿಕೆ ಈಗ ಲಭ್ಯವಿದೆ. ಲಸಿಕೆ ಶಾಲೆಯಲ್ಲಿ ಹಾಕಿದರೆ, ಶಾಲೆಗೆ ಹೋಗದೆ ಮನೆಯಲ್ಲಿಯೇ ಉಳಿದ ವಿಕಲಚೇತನ ಬಾಲಕಿ ತಪ್ಪಿಹೋಗುತ್ತಾಳೆ. ಆಕೆಯ ಹೆಸರನ್ನು ಮೊದಲು ಬರೆಯಬೇಕು. ಲಸಿಕೆ ಪಡೆದವರಿಗೂ ಮುಂದೆ 30 ತುಂಬಿದ ಮೇಲೆ ತಪಾಸಣೆ ಬೇಕೆಂಬುದನ್ನು ಮರೆಯಬಾರದು.

ಪುರುಷ ಸದಸ್ಯರಿಗೆ ಒಂದು ಮಾತು. ಈ ವಿಷಯ ಬಂದಾಗ ತಾವು ತಲೆತಗ್ಗಿಸಿ ಕುಳಿತುಕೊಳ್ಳುವುದನ್ನು, ಮೆಲ್ಲನೆ ಎದ್ದು ಹೊರಗೆ ಹೋಗುವುದನ್ನು ನಾನು ಕಂಡಿದ್ದೇನೆ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವುದರಿಂದ ಇದನ್ನು ಅವರಿಗೇ ಬಿಟ್ಟರಾಯಿತು ಎನಿಸಬಹುದು. ಆದರೆ ಅನೇಕ ಮನೆಗಳಲ್ಲಿ ಮಹಿಳೆ ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂದು ಇಂದಿಗೂ ನಿರ್ಧರಿಸುವವರು ಗಂಡಸರು. ಅಂತಹ ಮನೆಯ ಯಜಮಾನರೊಡನೆ ಮಾತನಾಡಲು ತಾವೇ ತಕ್ಕವರು. ತಮ್ಮ ಮನೆಯ ಹೆಣ್ಣುಮಕ್ಕಳನ್ನು ಮೊದಲು ಕಳುಹಿಸಿ, ಆಮೇಲೆ ನೆರೆಯವರಿಗೆ ಹೇಳಿದರೆ ಆ ಮಾತಿಗೆ ತೂಕವಿರುತ್ತದೆ. ಮಹಿಳಾ ಸದಸ್ಯರು ತಾವೇ ಮೊದಲಿಗರಾಗಿ ಪರೀಕ್ಷೆ ಮಾಡಿಸಿಕೊಂಡು, ‘ನಾನು ಮಾಡಿಸಿಕೊಂಡೆ, ನೋವಾಗಲಿಲ್ಲ’ ಎಂದು ಸ್ವಸಹಾಯ ಸಂಘದ ಸಭೆಯಲ್ಲಿ ಹೇಳಿದರೆ ನೂರು ಭಿತ್ತಿಪತ್ರಗಳಿಗಿಂತ ಹೆಚ್ಚು.

ಮಾನ್ಯರೇ, ತಮ್ಮ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಒಂದೇ ಒಂದು ವಿಷಯವನ್ನು ಸೇರಿಸಬೇಕೆಂದು ಕೋರುತ್ತೇನೆ: ‘ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಇನ್ನೂ ಬಾರದವರ ಸಂಖ್ಯೆ ಮತ್ತು ಅವರಿಗಾಗಿ ಕೈಗೊಂಡ ಕ್ರಮ.’ ಮೊದಲ ತಿಂಗಳು ಆ ಅಂಕಿ ದೊಡ್ಡದಾಗಿರುತ್ತದೆ, ಅದಕ್ಕೆ ನಾಚಬೇಕಾಗಿಲ್ಲ. ತಿಂಗಳಿಂದ ತಿಂಗಳಿಗೆ ಅದು ಕಿರಿದಾಗುತ್ತ ಬಂದರೆ ಸಾಕು. ತಮ್ಮ ವಾರ್ಡಿನ ಯಾವ ಜಗಲಿಯ ಮೇಲೆ ಅಂತಹ ಮಹಿಳೆಯೊಬ್ಬರು ಕುಳಿತಿದ್ದಾರೆಂಬುದು ಈ ಹೊತ್ತಿಗಾಗಲೇ ತಮ್ಮಲ್ಲಿ ಅನೇಕರ ನೆನಪಿಗೆ ಬಂದಿರಬಹುದು. ಆಕೆಯ ಹೆಸರಿನಿಂದಲೇ ಪಟ್ಟಿಯನ್ನು ಆರಂಭಿಸಿ. ನಾನು ಹಾಗೆ ಮಾಡಲಿಲ್ಲ. ತಾವು ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.